ಮನೆಯ ತಾರಸಿಯಿಂದ ನೀಹಾರಿಕೆಯ ಛಾಯಾಚಿತ್ರ: ಮಹಾವ್ಯಾಧದಿಂದ ಆರಂಭಿಸುವವರಿಗೆ ಸಮಗ್ರ ಮಾರ್ಗದರ್ಶಿ

1880ರ ಸೆಪ್ಟೆಂಬರ್ 30ರ ರಾತ್ರಿ ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ ತನ್ನ ಸ್ವಂತ ವೀಕ್ಷಣಾಲಯದ 11 ಇಂಚಿನ ದೂರದರ್ಶಕಕ್ಕೆ ಛಾಯಾಫಲಕ ಜೋಡಿಸಿ, ಸುಮಾರು 50 ನಿಮಿಷ ಬೆಳಕು ಬೀಳಿಸಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆಯ, ಅಂದರೆ ಅನಿಲ ಮತ್ತು ಧೂಳಿನ ಮೋಡದ, ಚಿತ್ರ ತೆಗೆದ. ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ಅದು. ಮೂರು ವರ್ಷಗಳ ಬಳಿಕ ಲಂಡನ್ನಿನ ಈಲಿಂಗ್‌ನಲ್ಲಿ ನೈರ್ಮಲ್ಯ ಎಂಜಿನಿಯರ್ ಆಂಡ್ರ್ಯೂ ಐನ್ಸ್ಲೀ ಕಾಮನ್ ತನ್ನ ಮನೆಯ ತೋಟದಲ್ಲಿದ್ದ 36 ಇಂಚಿನ ದರ್ಪಣದಿಂದ ಅದೇ ನೀಹಾರಿಕೆಯನ್ನು ಸೆರೆಹಿಡಿದಾಗ, ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಫಲಕದ ಮೇಲೆ ಮೂಡಿದ್ದವು. 1884ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ಇಬ್ಬರೂ ಹವ್ಯಾಸಿಗಳು, ಇಬ್ಬರೂ ಮನೆಯಲ್ಲೇ ನಿಂತು ಕೆಲಸ ಮಾಡಿದವರು.

ಆದ್ದರಿಂದ ಇದಕ್ಕೆಲ್ಲ ಬೆಟ್ಟದ ಮೇಲಿನ ಕತ್ತಲು ಬೇಕು, ಲಕ್ಷಾಂತರ ರೂಪಾಯಿಯ ದೂರದರ್ಶಕ ಬೇಕು ಎಂದು ಬೆಂಗಳೂರಿನ, ಹುಬ್ಬಳ್ಳಿಯ ಗೆಳೆಯರು ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ಕತ್ತಲು ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಚಿತ್ರದ ಗುಣಮಟ್ಟವನ್ನು ಕಡೆಗೆ ನಿರ್ಧರಿಸುವುದು ನೀವು ಸಂಗ್ರಹಿಸಿದ ಬೆಳಕಿನ ಒಟ್ಟು ಸಮಯ. ಆ ಸಮಯ ಮನೆಯಲ್ಲಿ ಸಿಗುವಷ್ಟು ಧಾರಾಳವಾಗಿ ಬೇರೆಲ್ಲೂ ಸಿಗುವುದಿಲ್ಲ. ಊಟ ಮುಗಿಸಿ ತಾರಸಿಗೆ ಹೋಗಿ ಕ್ಯಾಮೆರಾ ನಿಲ್ಲಿಸಿ, ಕೆಳಗೆ ಬಂದು ಮಲಗಬಹುದು. ನಾಳೆಯೂ ಹಾಗೆಯೇ ಮಾಡಬಹುದು.

ಒಟ್ಟು ಸಮಯದ ಲೆಕ್ಕ

ಒಂದೇ ಚಿತ್ರದಲ್ಲಿ ನೀಹಾರಿಕೆಯ ಮಸುಕು ಭಾಗ ಕಾಣದಿರಲು ಕಾರಣ ಅಲ್ಲಿ ಬೆಳಕಿಲ್ಲ ಎಂಬುದಲ್ಲ. ಬೆಳಕು ಬಿದ್ದಿರುತ್ತದೆ, ಅದು ಕಾಳುಕಾಳಾದ ಗದ್ದಲದಲ್ಲಿ (ನಾಯ್ಸ್) ಮುಳುಗಿರುತ್ತದೆ. ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ ಗದ್ದಲ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಇಳಿಯುತ್ತದೆ. ನಾಲ್ಕು ಚಿತ್ರ ಸೇರಿಸಿದರೆ ಅರ್ಧಕ್ಕೆ, ನೂರು ಸೇರಿಸಿದರೆ ಹತ್ತನೇ ಒಂದಕ್ಕೆ. ಈ ಕೆಲಸಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ.

ನಗರದ ಬೆಳಕಿನ ಸಮಸ್ಯೆಯೂ ಇದೇ ಲೆಕ್ಕದೊಳಗೆ ಬರುತ್ತದೆ. ಆಕಾಶದ ಹೊಳಪನ್ನು ಸಾಫ್ಟ್‌ವೇರ್ ಕಳೆದುಹಾಕಬಲ್ಲದು, ಆದರೆ ಆ ಹೊಳಪು ತಂದ ಗದ್ದಲವನ್ನು ಕಳೆಯಲಾಗದು. ನಿಮ್ಮ ಆಕಾಶ ಹಳ್ಳಿಯ ಆಕಾಶಕ್ಕಿಂತ ಹತ್ತು ಪಟ್ಟು ಪ್ರಕಾಶಮಾನವಾಗಿದ್ದರೆ, ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಹತ್ತು ಪಟ್ಟು ಸಮಯ ಬೇಕು. ಹಳ್ಳಿಯಲ್ಲಿ 20 ನಿಮಿಷಕ್ಕೆ ಬರುವ ಚಿತ್ರ ನಗರದಲ್ಲಿ ಮೂರು ಗಂಟೆ ಕೇಳುತ್ತದೆ. ಕೊಡಬಹುದಾದ ಬೆಲೆಯೇ ಅದು.

ಮೊದಲ ಗುರಿ: ಎಂ 42

ಮಹಾವ್ಯಾಧ ನೀಹಾರಿಕೆಯನ್ನೇ (ಪಟ್ಟಿಗಳಲ್ಲಿ ಅದರ ಹೆಸರು ಎಂ 42) ಮೊದಲು ತೆಗೆಯಿರಿ. ಸುಮಾರು 1,350 ಜ್ಯೋತಿರ್ವರ್ಷ ದೂರದ ಈ ಅನಿಲ ಮೋಡ ಆಕಾಶದಲ್ಲಿ ಹುಣ್ಣಿಮೆಯ ಚಂದ್ರನ ಎರಡು ಪಟ್ಟು ಅಗಲವಿದೆ. ಕರ್ನಾಟಕದಲ್ಲಿ ಆಕಾಶ ಅತ್ಯಂತ ಸ್ವಚ್ಛವಾಗಿರುವ ತಿಂಗಳುಗಳಲ್ಲೇ ಅದು ನೆತ್ತಿಯ ಹತ್ತಿರ ಬರುತ್ತದೆ. ಬೆಂಗಳೂರಿನಿಂದ ನೋಡಿದರೆ ಮಧ್ಯರೇಖೆ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹಾಯುವ ಕಾಲ್ಪನಿಕ ಗೆರೆ) ದಾಟುವಾಗ ಸುಮಾರು 71 ಡಿಗ್ರಿ ಎತ್ತರದಲ್ಲಿರುತ್ತದೆ. ದಿಗಂತದ ಹೊಗೆ, ಧೂಳು, ಬೀದಿದೀಪಗಳ ಮಬ್ಬು ಆ ಎತ್ತರದಲ್ಲಿ ಬಹಳ ಕಡಿಮೆ.

ಹುಡುಕುವುದು ಸುಲಭ. ಆರಿದ್ರಾ ನಕ್ಷತ್ರದ ಕೆಂಪು ಹೊಳಪು, ಅದರ ಎದುರು ಮೂಲೆಯಲ್ಲಿ ರೀಗಲ್‌ನ ನೀಲಿ ಬಿಳುಪು, ನಡುವೆ ಸಾಲಾಗಿ ನಿಂತ ಮೂರು ನಕ್ಷತ್ರಗಳ ನಡುಪಟ್ಟಿ. ಡಿಸೆಂಬರ್ ಸಂಜೆ ಮಹಾವ್ಯಾಧ ಪೂರ್ವದಲ್ಲಿ ಮೇಲೇರುವಾಗ ನಮ್ಮ ಅಕ್ಷಾಂಶದಲ್ಲಿ ಅವನು ಪಕ್ಕಕ್ಕೆ ಮಲಗಿರುತ್ತಾನೆ. ನಡುಪಟ್ಟಿ ನೆಟ್ಟಗೆ ಲಂಬವಾಗಿ ನಿಂತಿರುತ್ತದೆ, ನಡುಪಟ್ಟಿಗೆ ತೂಗುಬಿದ್ದಂತಿರುವ ಪುಟ್ಟ ನಕ್ಷತ್ರಗಳ ಸಾಲು, ಅಂದರೆ ಖಡ್ಗ, ಅದರ ಬಲಕ್ಕೆ ಚಾಚಿರುತ್ತದೆ. ಯುರೋಪಿನ ನಕ್ಷೆಗಳನ್ನು ನೋಡಿ ಕಲಿತವರು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ. ಖಡ್ಗದ ನಡುವಿನ ‘ನಕ್ಷತ್ರ’ ಸ್ವಲ್ಪ ಮಸುಕಾಗಿ, ಅಂಚು ಕರಗಿದಂತೆ ಕಾಣುತ್ತದೆ. ಅದೇ ಎಂ 42.

ಡಿಸೆಂಬರ್ ಮಧ್ಯದಲ್ಲಿ ಅದು ಮಧ್ಯರೇಖೆಗೆ ಬರುವುದು ನಡುರಾತ್ರಿಯ ಹೊತ್ತಿಗೆ, ಜನವರಿ ಮಧ್ಯದಲ್ಲಿ ಹತ್ತು ಗಂಟೆಯ ಸುಮಾರಿಗೆ, ಫೆಬ್ರುವರಿ ಮಧ್ಯದಲ್ಲಿ ಎಂಟರ ಸುಮಾರಿಗೆ. ಅಮಾವಾಸ್ಯೆಯ ಆಚೀಚೆ ಒಂದು ವಾರ ನಿಮ್ಮ ಕಾಲ. ದಿನಾಂಕ, ಎತ್ತರ, ದಿಕ್ಕು ಎಲ್ಲವನ್ನೂ ಉಚಿತ ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ಮೊದಲೇ ನೋಡಿಕೊಳ್ಳಿ. ಅದರಲ್ಲಿ ನಿಮ್ಮ ಕ್ಯಾಮೆರಾ ಮತ್ತು ಲೆನ್ಸಿನ ವಿವರ ಕೊಟ್ಟರೆ ಚೌಕಟ್ಟಿನಲ್ಲಿ ಏನೇನು ಹಿಡಿಯುತ್ತದೆ ಎಂಬುದನ್ನೂ ತೋರಿಸುತ್ತದೆ.

ಉಳಿದ ನೀಹಾರಿಕೆಗಳ ಬಗ್ಗೆ ಒಂದು ಮಾತು. ತಾವೇ ಬೆಳಗುವ ಉತ್ಸರ್ಜನಾ ನೀಹಾರಿಕೆಗಳು ಮತ್ತು ಗ್ರಹೀಯ ನೀಹಾರಿಕೆಗಳು (ಸಾಯುವ ನಕ್ಷತ್ರಗಳು ಹೊರಚೆಲ್ಲಿದ ಅನಿಲ) ನಗರದಿಂದಲೂ ಒಲಿಯುತ್ತವೆ, ಏಕೆಂದರೆ ಅವುಗಳ ಬೆಳಕು ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಬರುತ್ತದೆ. ಹೈಡ್ರೋಜನ್ 656.3 ನ್ಯಾನೋಮೀಟರಿನ ಕೆಂಪು, ಆಮ್ಲಜನಕ 500.7 ನ್ಯಾನೋಮೀಟರಿನ ನೀಲಿ ಹಸಿರು. ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ನೀಹಾರಿಕೆಗಳನ್ನು ಮತ್ತು ಹಿನ್ನೆಲೆಯನ್ನು ಮರೆಮಾಡುವ ಕಪ್ಪು ನೀಹಾರಿಕೆಗಳನ್ನು ಕತ್ತಲ ಊರಿಗೆ ಹೋದಾಗ ತೆಗೆಯಿರಿ. ನಗರದಲ್ಲಿ ಅವುಗಳ ಹಿಂದೆ ಬಿದ್ದರೆ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ.

ಸಾಮಗ್ರಿ: ಹಣ ಎಲ್ಲಿಗೆ ಹೋಗಬೇಕು

ಹೊಸಬರು ದೂರದರ್ಶಕ ಮೊದಲು ಕೊಳ್ಳುತ್ತಾರೆ, ಅದನ್ನು ಹೊರುವ ಮೌಂಟನ್ನು ಕೊನೆಗೆ. ಇದು ತಿರುಗುಮುರುಗಾಗಬೇಕು. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಸರಿಯುತ್ತದೆ. ಆ ಚಲನೆಯನ್ನು ಹಿಂಬಾಲಿಸುವ ಯಂತ್ರವೇ ಇಡೀ ವ್ಯವಸ್ಥೆಯ ಅಡಿಪಾಯ.

ಒಂದು ಲೆಕ್ಕ ಮಾಡಿಕೊಳ್ಳಿ. ಸೆನ್ಸರಿನ ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ಗಳಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್‌ಸೆಕೆಂಡ್ ನೋಡುತ್ತದೆ ಎಂದು ಸಿಗುತ್ತದೆ. 24 ಮೆಗಾಪಿಕ್ಸೆಲ್‌ನ ಕ್ಯಾನನ್ ಎಪಿಎಸ್-ಸಿ ಕ್ಯಾಮೆರಾದಲ್ಲಿ ಪಿಕ್ಸೆಲ್ ಸುಮಾರು 3.7 ಮೈಕ್ರಾನ್. 200 ಎಂಎಂ ಲೆನ್ಸ್ ಹಾಕಿದರೆ ಪಿಕ್ಸೆಲಿಗೆ 3.8 ಆರ್ಕ್‌ಸೆಕೆಂಡ್, ಅಂದರೆ ಹಿಂಬಾಲಿಸದೆ ಬಿಟ್ಟರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ನಾಲ್ಕು ಪಿಕ್ಸೆಲ್ ಗೆರೆ ಎಳೆಯುತ್ತದೆ. 50 ಎಂಎಂ ಲೆನ್ಸಿನಲ್ಲಿ ಸೆಕೆಂಡಿಗೆ ಒಂದು ಪಿಕ್ಸೆಲ್ ಮಾತ್ರ.

ಇದರಿಂದ ಮೂರು ದಾರಿಗಳು ತಾವಾಗಿ ಹೊರಡುತ್ತವೆ. ಕೈಯಲ್ಲಿರುವುದು ಕ್ಯಾಮೆರಾ ಮತ್ತು ಟ್ರೈಪಾಡ್ ಮಾತ್ರವೇ? 50 ಎಂಎಂ ಎಫ್ 1.8 ಲೆನ್ಸನ್ನು ಎಫ್ 2.8ಕ್ಕೆ ಇಳಿಸಿ (ಅಂದರೆ ಬೆಳಕಿನ ಕಿಂಡಿಯನ್ನು ತುಸು ಕಿರಿದು ಮಾಡಿ), 4 ಸೆಕೆಂಡಿನ ಚಿತ್ರಗಳನ್ನು ನೂರಾರು ಸಂಖ್ಯೆಯಲ್ಲಿ ತೆಗೆಯಿರಿ. 300 ಚಿತ್ರಗಳೆಂದರೆ 20 ನಿಮಿಷದ ಬೆಳಕು. ಎಂ 42ರ ರೆಕ್ಕೆಗಳ ಗುಲಾಬಿ ಬಣ್ಣ ಕಾಣಲು ಅಷ್ಟು ಸಾಕು. ಪ್ರತಿ ಕೆಲವು ನಿಮಿಷಕ್ಕೊಮ್ಮೆ ಚೌಕಟ್ಟನ್ನು ಮತ್ತೆ ಗುರಿಗೆ ತರಬೇಕು, ಅಷ್ಟೆ.

ಎರಡನೆಯದು ಟ್ರ್ಯಾಕರ್, ಅಂದರೆ ಆಕಾಶದ ಜೊತೆಗೆ ಕ್ಯಾಮೆರಾವನ್ನು ತಿರುಗಿಸುವ ಪುಟ್ಟ ಯಂತ್ರ. ಸ್ಕೈವಾಚರ್ ಸ್ಟಾರ್ ಅಡ್ವೆಂಚರರ್, ಐಆಪ್ಟ್ರಾನ್ ಸ್ಕೈಗೈಡರ್ ಪ್ರೊ ಇಂಥವು ಕ್ಯಾಮೆರಾ ಮತ್ತು 135ರಿಂದ 200 ಎಂಎಂ ಲೆನ್ಸನ್ನು ನಿರಾಯಾಸವಾಗಿ ಹೊರುತ್ತವೆ. ನನ್ನ ಮಟ್ಟಿಗೆ ಮನೆಯಿಂದ ನೀಹಾರಿಕೆ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. 200 ಎಂಎಂ ಲೆನ್ಸ್ ಎಪಿಎಸ್-ಸಿ ಸೆನ್ಸರಿನಲ್ಲಿ 6.4 ಡಿಗ್ರಿ ಉದ್ದ, 4.3 ಡಿಗ್ರಿ ಅಗಲ ತೋರಿಸುತ್ತದೆ. ಉದ್ದದ ಬದಿಯನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿದರೆ ಎಂ 42, ಅದರ ಪಕ್ಕದ ನೀಲಿ ಛಾಯೆಯ ಓಡುವ ಮನುಷ್ಯ, ನಡುಪಟ್ಟಿಯ ಕೆಳತುದಿಯ ಜ್ವಾಲೆ ಮತ್ತು ಕುದುರೆತಲೆ ನೀಹಾರಿಕೆ, ನಾಲ್ಕೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ.

ಮೂರನೆಯದು ಆಕಾಶದ ಚಲನೆಯನ್ನು ಹಿಂಬಾಲಿಸುವ ಪೂರ್ಣ ಪ್ರಮಾಣದ ಈಕ್ವಟೋರಿಯಲ್ ಮೌಂಟ್, 60ರಿಂದ 80 ಎಂಎಂ ಅಪೋಕ್ರೊಮ್ಯಾಟಿಕ್ ವಕ್ರೀಕಾರಕ (ಬಣ್ಣದ ಅಂಚು ಮೂಡಿಸದ ಲೆನ್ಸ್ ದೂರದರ್ಶಕ), ಗೈಡಿಂಗ್‌ಗೆ, ಅಂದರೆ ಮೌಂಟಿನ ತಪ್ಪನ್ನು ತಿದ್ದುತ್ತಾ ಹೋಗಲು, ಪ್ರತ್ಯೇಕ ಪುಟ್ಟ ಕ್ಯಾಮೆರಾ. ಒಂದೆರಡು ಚಳಿಗಾಲ ಟ್ರ್ಯಾಕರ್ ಬಳಸಿದ ಮೇಲೆ ಇದಕ್ಕೆ ಬನ್ನಿ.

ಅಪಾರ್ಟ್‌ಮೆಂಟಿನ ಬಾಲ್ಕನಿ ಮಾತ್ರ ಇರುವವರಿಗೆ ಸೀಸ್ಟಾರ್ ಎಸ್ 50ರಂಥ ಸ್ಮಾರ್ಟ್ ದೂರದರ್ಶಕ ಒಳ್ಳೆಯ ಆಯ್ಕೆ. 50 ಎಂಎಂ ವ್ಯಾಸ, 250 ಎಂಎಂ ನಾಭಿದೂರ, ಒಳಗೇ ಕ್ಯಾಮೆರಾ ಮತ್ತು ಫಿಲ್ಟರ್. ಮೊಬೈಲಿನಲ್ಲಿ ಗುರಿಯ ಹೆಸರು ಒತ್ತಿದರೆ ತಾನೇ ಹುಡುಕಿ ಸ್ಟ್ಯಾಕ್ ಮಾಡಿ ಕೊಡುತ್ತದೆ. ಆದರೂ ಅದು ಕೊಡುವ ಸಿದ್ಧ ಚಿತ್ರಕ್ಕೆ ತೃಪ್ತರಾಗಬೇಡಿ. ಬಿಡಿ ಚಿತ್ರಗಳನ್ನು ಉಳಿಸುವ ಆಯ್ಕೆ ಅದರಲ್ಲಿದೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೆಳಗೆ ಹೇಳುವ ರೀತಿಯಲ್ಲಿ ನೀವೇ ಸಂಸ್ಕರಿಸಿದರೆ ಅದೇ ಬೆಳಕಿನಿಂದ ಎಷ್ಟೋ ಹೆಚ್ಚು ವಿವರ ಹೊರಡುತ್ತದೆ.

ತಾರಸಿಯಲ್ಲಿ ಜಾಗ

ಟ್ರೈಪಾಡನ್ನು ತಾರಸಿಯ ನಡುಮಧ್ಯೆ ಇಡಬೇಡಿ. ಅಲ್ಲಿ ಸ್ಲ್ಯಾಬ್ ನಿಮ್ಮ ಹೆಜ್ಜೆಗೂ ನಡುಗುತ್ತದೆ. ಕೆಳಗಿನ ಕಂಬ ಅಥವಾ ತೊಲೆ ಹಾದುಹೋಗುವ ಜಾಗ, ಸಾಮಾನ್ಯವಾಗಿ ಗೋಡೆಗಳ ಮೂಲೆ, ಹೆಚ್ಚು ಗಟ್ಟಿ. ಟ್ರೈಪಾಡಿನ ಕಾಲುಗಳನ್ನು ಉದ್ದ ಮಾಡದೆ ಗಿಡ್ಡವಾಗಿಯೇ ಬಿಡಿ. ಪಕ್ಕದ ಮನೆಯ ದೀಪ ನೇರವಾಗಿ ಲೆನ್ಸಿಗೆ ಬೀಳದಂತೆ ನೀರಿನ ಟ್ಯಾಂಕಿನ ಮರೆ ಹುಡುಕಿ, ಲೆನ್ಸ್ ಹುಡ್ ತಪ್ಪದೆ ಹಾಕಿ. ಕಾಲುಗಳು ನಿಂತ ಜಾಗವನ್ನು ಬಣ್ಣದಿಂದ ಗುರುತು ಮಾಡಿಟ್ಟರೆ ಮರುದಿನ ಅರ್ಧ ಕೆಲಸ ಉಳಿಯುತ್ತದೆ. ಅಪಾರ್ಟ್‌ಮೆಂಟ್ ಆದರೆ ಸಂಘದವರಿಗೂ ಕಾವಲುಗಾರನಿಗೂ ಮೊದಲೇ ತಿಳಿಸಿಬಿಡಿ.

ನಡುರಾತ್ರಿಯ ನಂತರ ಇಬ್ಬನಿ ಲೆನ್ಸಿನ ಮೇಲೆ ಕೂರುತ್ತದೆ. ಚಿತ್ರಗಳು ಒಂದೊಂದಾಗಿ ಮಂಕಾಗುತ್ತಾ ಹೋಗುವುದು ಅದರ ಗುರುತು. ಯುಎಸ್‌ಬಿಯಿಂದ ನಡೆಯುವ ಡ್ಯೂ ಹೀಟರ್ ಪಟ್ಟಿಯನ್ನು ಲೆನ್ಸಿನ ಮುಂತುದಿಗೆ ಸುತ್ತಿ, ಪವರ್ ಬ್ಯಾಂಕಿಗೆ ಜೋಡಿಸಿದರೆ ಸಮಸ್ಯೆ ಮುಗಿಯಿತು. ಕರಾವಳಿಯವರಿಗೆ ಇದು ಸಂಜೆಯಿಂದಲೇ ಬೇಕು.

ಧ್ರುವಕ್ಕೆ ಹೊಂದಿಸುವುದು: ನಮ್ಮ ಅಕ್ಷಾಂಶದ ತೊಡಕು

ಟ್ರ್ಯಾಕರಿನ ಅಕ್ಷ ಆಕಾಶದ ಉತ್ತರ ಧ್ರುವಕ್ಕೆ ಗುರಿಯಿಡಬೇಕು. ಧ್ರುವ ನಕ್ಷತ್ರ ನಿಮ್ಮ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ಲಂಡನ್ನಿನಲ್ಲಿ 51 ಡಿಗ್ರಿ, ಬೀದರಿನಲ್ಲಿ ಸುಮಾರು 18, ಬೆಂಗಳೂರಿನಲ್ಲಿ 13, ಮೈಸೂರಿನಲ್ಲಿ 12. ಅಷ್ಟು ಕೆಳಗೆ ಎದುರು ಕಟ್ಟಡ, ತೆಂಗಿನ ಮರ, ದಿಗಂತದ ಮಬ್ಬು ಎಲ್ಲವೂ ಅಡ್ಡ. ವಿದೇಶದ ವಿಡಿಯೋಗಳಲ್ಲಿ ಎರಡೇ ನಿಮಿಷಕ್ಕೆ ಮುಗಿಯುವ ಈ ಹಂತ ನಮ್ಮಲ್ಲಿ ಹಲವರನ್ನು ಹವ್ಯಾಸದಿಂದಲೇ ಓಡಿಸುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಮೌಂಟ್ ಕೊಳ್ಳುವ ಮೊದಲೇ ಅದು ಎಷ್ಟು ಕಡಿಮೆ ಅಕ್ಷಾಂಶದವರೆಗೆ ಬಾಗುತ್ತದೆ ಎಂದು ವಿಚಾರಿಸಿ. ಅಕ್ಷ ಹೆಚ್ಚುಕಡಿಮೆ ಅಡ್ಡಡ್ಡ ಮಲಗುವುದರಿಂದ ಪ್ರತಿಭಾರದ ಕಂಬಿ ಟ್ರೈಪಾಡಿನ ಕಾಲಿಗೆ ತಗಲುವ ಸಾಧ್ಯತೆಯೂ ಇದೆ. ಕಾಲುಗಳನ್ನು ತಿರುಗಿಸಿ ಇಟ್ಟು, ಕತ್ತಲಾಗುವ ಮೊದಲೇ ಒಂದು ಸುತ್ತು ತಿರುಗಿಸಿ ನೋಡಿ.

ಧ್ರುವ ನಕ್ಷತ್ರ ಕಂಡರೆ ಕೆಲಸ ಸರಳ. ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಸರಿದಿದೆ. ಟ್ರ್ಯಾಕರಿನ ಪೋಲಾರ್ ಸ್ಕೋಪಿನ (ಅಕ್ಷದ ಗುರಿ ನೋಡುವ ಪುಟ್ಟ ದೂರದರ್ಶಕ) ವೃತ್ತದಲ್ಲಿ ಆ ಹೊತ್ತಿಗೆ ಅದು ಎಲ್ಲಿರಬೇಕು ಎಂದು ತಯಾರಕರ ಮೊಬೈಲ್ ಆ್ಯಪ್ ತೋರಿಸುತ್ತದೆ. ಅಲ್ಲಿಗೆ ತಂದು ತಿರುಪು ಬಿಗಿ ಮಾಡಿ.

ಕಾಣದಿದ್ದರೂ ಕೈಬಿಡಬೇಕಾಗಿಲ್ಲ. ಅಕ್ಷ ಧ್ರುವದಿಂದ 10 ಆರ್ಕ್‌ಮಿನಿಟ್ (ಡಿಗ್ರಿಯ ಆರನೇ ಒಂದು ಭಾಗ) ತಪ್ಪಿದ್ದರೂ 60 ಸೆಕೆಂಡಿನಲ್ಲಿ ನಕ್ಷತ್ರ ಸರಿಯುವುದು ಹೆಚ್ಚೆಂದರೆ 2.6 ಆರ್ಕ್‌ಸೆಕೆಂಡ್. 200 ಎಂಎಂ ಲೆನ್ಸಿನಲ್ಲಿ ಅದು ಒಂದು ಪಿಕ್ಸೆಲ್ಲೂ ಅಲ್ಲ. ಬರೀ ದಿಕ್ಸೂಚಿ ಮತ್ತು ಮೊಬೈಲಿನ ಕೋನಮಾಪಕ ನಂಬಿ ಎರಡು ಡಿಗ್ರಿ ತಪ್ಪಿದರೂ 15 ಸೆಕೆಂಡಿನ ಚಿತ್ರದಲ್ಲಿ ಎರಡು ಪಿಕ್ಸೆಲ್ ಸರಿಯುತ್ತದೆ, ಅಷ್ಟೇ. ಉತ್ತರ ದಿಕ್ಕು ಪೂರ್ತಿ ಮುಚ್ಚಿದ ತಾರಸಿಯಿಂದಲೂ 10ರಿಂದ 15 ಸೆಕೆಂಡಿನ ಚಿತ್ರಗಳನ್ನು ರಾಶಿ ಹಾಕಬಹುದು ಎಂದಾಯಿತು.

ಇನ್ನೂ ನಿಖರತೆ ಬೇಕೆಂದರೆ ಡ್ರಿಫ್ಟ್ ವಿಧಾನವಿದೆ. ನಡುಪಟ್ಟಿಯ ಮಿಂಟಕಾ ನಕ್ಷತ್ರ ಬಹುತೇಕ ಆಕಾಶದ ವಿಷುವದ್ವೃತ್ತದ ಮೇಲೆಯೇ ಇದೆ, ನಮ್ಮ ಕೆಲಸಕ್ಕೆ ಹೇಳಿಮಾಡಿಸಿದ್ದು. ಅದು ಮಧ್ಯರೇಖೆಯ ಹತ್ತಿರ ಇರುವಾಗ ಕೆಲವು ನಿಮಿಷ ಗಮನಿಸಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವ ದಿಗಂತದ ಕಡೆಯ ಒಂದು ನಕ್ಷತ್ರ ಹಿಡಿಯಿರಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಲ್ಯಾಪ್‌ಟಾಪ್ ಜೋಡಿಸುವವರಿಗೆ ನೀನಾ ಎಂಬ ಉಚಿತ ತಂತ್ರಾಂಶದ ಮೂರು ಬಿಂದುಗಳ ಹೊಂದಾಣಿಕೆ ಇದೆ. ಅದಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ, ಆದರೆ ಗುರಿಯ ಕಡೆಗೆ ತಾನೇ ತಿರುಗುವ ಗೋಟು ಮೌಂಟ್ ಇದ್ದರೆ ಸಲೀಸು.

ಫೋಕಸ್

ಇದಕ್ಕೆ ಕಾಲು ಗಂಟೆ ಕೊಟ್ಟರೂ ತಪ್ಪಲ್ಲ. ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿ, ರೀಗಲ್ ಅಥವಾ ಲುಬ್ಧಕದ ಕಡೆ ತಿರುಗಿಸಿ, ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ. ಉಬ್ಬಿದ ಬಿಲ್ಲೆ ಉಂಗುರ ತಿರುಗಿಸಿದಂತೆ ಕುಗ್ಗುತ್ತದೆ, ಸಣ್ಣ ಚುಕ್ಕಿಯಾಗುತ್ತದೆ, ಮತ್ತೆ ಉಬ್ಬಲು ತೊಡಗುತ್ತದೆ. ಅತಿ ಸಣ್ಣದಾದ ಬಿಂದುವನ್ನು ದಾಟಿ ಹೋಗಿಯೇ ಹಿಂದೆ ಬನ್ನಿ. ಆ ಬಿಂದುವಿನಲ್ಲಿ ಅಕ್ಕಪಕ್ಕ ಅದುವರೆಗೆ ಕಾಣದ ಪುಟ್ಟ ನಕ್ಷತ್ರಗಳು ಪರದೆಯಲ್ಲಿ ಇಣುಕುತ್ತವೆ. ಹಳೆಯ ಲೆನ್ಸುಗಳಲ್ಲಿ ನಕ್ಷತ್ರದ ಅಂಚಿನ ಕೆನ್ನೇರಳೆ ಬಣ್ಣ ತಿಳಿಯಾಗುವುದೂ ಅಲ್ಲಿಯೇ.

ಅನುಮಾನ ಉಳಿದರೆ ಬಾಟಿನೋವ್ ಮುಸುಕು ಬಳಸಿ. ರಷ್ಯದ ಹವ್ಯಾಸಿ ಪಾವೆಲ್ ಬಾಟಿನೋವ್ ರೂಪಿಸಿದ ಈ ಸೀಳುಗಳ ತಟ್ಟೆಯನ್ನು ಲೆನ್ಸಿನ ಮುಂದೆ ಹಿಡಿದರೆ ನಕ್ಷತ್ರದಿಂದ ಮೂರು ಗೆರೆಗಳು ಹೊರಡುತ್ತವೆ. ನಡುಗೆರೆ ಉಳಿದೆರಡರ ಸರಿಯಾದ ಮಧ್ಯದಲ್ಲಿ ಹಾದುಹೋದರೆ ಫೋಕಸ್ ಕೂತಿತು. ಚಿತ್ರ ತೆಗೆಯುವ ಮೊದಲು ಮುಸುಕು ತೆಗೆದಿದ್ದೀರಾ ನೋಡಿಕೊಂಡು, ಫೋಕಸ್ ಉಂಗುರಕ್ಕೆ ಟೇಪು ಅಂಟಿಸಿ. ರಾತ್ರಿ ತಂಪಾದಂತೆ ಲೋಹ ಕುಗ್ಗಿ ಫೋಕಸ್ ಸರಿಯುತ್ತದೆ. ಗಂಟೆಗೊಮ್ಮೆ ಪರೀಕ್ಷಿಸಿ.

ಎಕ್ಸ್‌ಪೋಷರ್

ಕ್ಯಾಮೆರಾ ಮ್ಯಾನುಯಲ್‌ನಲ್ಲಿ, ಫೈಲ್ ರಾ ಮಾದರಿಯಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲರೂಪ), ಐಎಸ್‌ಒ 800 ಅಥವಾ 1600. ಲೆನ್ಸಿನ ಕಂಪನ ನಿವಾರಣೆ ಮತ್ತು ಕ್ಯಾಮೆರಾದ ದೀರ್ಘ ಎಕ್ಸ್‌ಪೋಷರ್ ಗದ್ದಲ ನಿವಾರಣೆ ಎರಡನ್ನೂ ಆಫ್ ಮಾಡಿ. ಎರಡನೆಯದು ಆನ್ ಇದ್ದರೆ ನಿಮ್ಮ ರಾತ್ರಿಯ ಅರ್ಧ ಸಮಯ ಹಾಳು. ಲೆನ್ಸನ್ನು ಪೂರ್ತಿ ತೆರೆಯದೆ ಒಂದು ಸ್ಟಾಪ್ ಇಳಿಸಿದರೆ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚುವುದಿಲ್ಲ.

ಎಷ್ಟು ಸೆಕೆಂಡ್? ಒಂದು ಪರೀಕ್ಷಾ ಚಿತ್ರ ತೆಗೆದು ಕ್ಯಾಮೆರಾದ ಹಿಂಬದಿಯ ಹಿಸ್ಟೋಗ್ರಾಂ ನೋಡಿ. ಚಿತ್ರದಲ್ಲಿ ಕತ್ತಲು ಬೆಳಕು ಎಷ್ಟೆಷ್ಟಿದೆ ಎಂದು ಗುಡ್ಡದ ಆಕಾರದಲ್ಲಿ ತೋರಿಸುವ ನಕ್ಷೆ ಅದು. ಗುಡ್ಡ ಎಡಗೋಡೆಯಿಂದ ಪೂರ್ತಿ ಬಿಟ್ಟು, ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವೆ ನಿಂತಿರಬೇಕು. ಬೆಂಗಳೂರಿನ ಒಳಭಾಗದಲ್ಲಿ ಎಫ್ 4, ಐಎಸ್‌ಒ 800ರಲ್ಲಿ 30ರಿಂದ 60 ಸೆಕೆಂಡಿಗೆ ಗುಡ್ಡ ಅಲ್ಲಿಗೆ ಬಂದುಬಿಡುತ್ತದೆ. ಅದಕ್ಕಿಂತ ಉದ್ದ ಮಾಡಿದರೆ ಆಕಾಶವೇ ಬಿಳಿಚಿಕೊಳ್ಳುತ್ತದೆ, ಲಾಭವಿಲ್ಲ. ತಾನೇ ಸಾಲಾಗಿ ಚಿತ್ರ ತೆಗೆಸುವ ಇಂಟರ್ವಲೋಮೀಟರಿಗೆ 120 ಚಿತ್ರ, ತಲಾ 60 ಸೆಕೆಂಡ್ ಎಂದು ಹೇಳಿ ಬಿಟ್ಟರೆ ಎರಡು ಗಂಟೆಯ ಬೆಳಕು. ವಿಮಾನವೋ ಉಪಗ್ರಹವೋ ಗೆರೆ ಎಳೆದ ಚಿತ್ರಗಳನ್ನು ಎಸೆಯಬೇಡಿ. ಸ್ಟ್ಯಾಕಿಂಗ್ ತಂತ್ರಾಂಶ ಆ ಗೆರೆಗಳನ್ನು ತಾನೇ ತಿರಸ್ಕರಿಸುತ್ತದೆ.

ಹದಿನೈದು ಇಪ್ಪತ್ತು ಚಿತ್ರಗಳಿಗೊಮ್ಮೆ ಚೌಕಟ್ಟನ್ನು ಒಂದಿಷ್ಟು ಪಿಕ್ಸೆಲ್ ಅತ್ತಿತ್ತ ಸರಿಸಿ. ಇದಕ್ಕೆ ಡಿದರಿಂಗ್ ಎನ್ನುತ್ತಾರೆ. ಸೆನ್ಸರಿನ ಕಲೆಗಳು ಪ್ರತಿ ಚಿತ್ರದಲ್ಲೂ ಆಕಾಶದ ಅದೇ ಜಾಗಕ್ಕೆ ಬೀಳುವುದು ಆಗ ತಪ್ಪುತ್ತದೆ.

ಎಂ 42ಕ್ಕೆ ಮಾತ್ರ ಒಂದು ವಿಶೇಷ ಎಚ್ಚರಿಕೆ. ಅದರ ಹೃದಯದಲ್ಲಿ ಟ್ರೆಪೀಜಿಯಂ ಎಂಬ ನಾಲ್ಕು ಎಳೆಯ ನಕ್ಷತ್ರಗಳ ಗುಂಪಿದೆ. ಇಡೀ ನೀಹಾರಿಕೆಯನ್ನು ಬೆಳಗಿಸುವ ಅತಿನೇರಳೆ ಬೆಳಕಿನ ಬಹುಪಾಲು ಅವುಗಳಲ್ಲಿ ಒಂದರಿಂದಲೇ ಬರುತ್ತದೆ. 60 ಸೆಕೆಂಡಿನ ಚಿತ್ರದಲ್ಲಿ ಆ ಜಾಗ ಬಿಳಿ ಮುದ್ದೆಯಾಗುತ್ತದೆ. ಆದ್ದರಿಂದ ಕೊನೆಯಲ್ಲಿ 3ರಿಂದ 5 ಸೆಕೆಂಡಿನ 30 ಚಿತ್ರಗಳನ್ನು ಬೇರೆಯಾಗಿ ತೆಗೆದಿಡಿ.

ಮಲಗುವ ಮೊದಲು ಇನ್ನು ಮೂರು ಕೆಲಸ

ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ ಸಮಯ, ಅದೇ ಚಳಿಯಲ್ಲಿ 20ರಿಂದ 30 ಚಿತ್ರ ತೆಗೆಯಿರಿ. ಇವು ಡಾರ್ಕ್ ಚಿತ್ರಗಳು, ಸೆನ್ಸರಿನ ಬಿಸಿ ಪಿಕ್ಸೆಲ್‌ಗಳ ದಾಖಲೆ. ಮುಚ್ಚಳ ಹಾಕಿದಂತೆಯೇ ಅತಿವೇಗದ ಶಟರಿನಲ್ಲಿ 30 ಚಿತ್ರ, ಇವು ಬಯಾಸ್, ಬೆಳಕಿಲ್ಲದಾಗಲೂ ಸೆನ್ಸರ್ ಕೊಡುವ ಮೂಲ ಸಂಕೇತದ ದಾಖಲೆ. ಮೂರನೆಯದು ಫ್ಲಾಟ್. ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಫೋಕಸ್ ಅಲುಗಿಸದೆ, ತೊಳೆದ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಲೆನ್ಸಿನ ಬಾಯಿಗೆ ಸುಕ್ಕಿಲ್ಲದಂತೆ ಬಿಗಿದು, ಲ್ಯಾಪ್‌ಟಾಪಿನ ಬಿಳಿ ಪರದೆಗೋ ಬೆಳಗಿನ ಜಾವದ ಆಕಾಶಕ್ಕೋ ಹಿಡಿದು, ಹಿಸ್ಟೋಗ್ರಾಂ ನಡುವಿಗೆ ಬರುವಂತೆ 30 ಚಿತ್ರ ತೆಗೆಯಿರಿ. ಮೂಲೆಗಳ ಕಪ್ಪು, ಸೆನ್ಸರಿನ ಧೂಳಿನ ಉಂಗುರಗಳು ಇವುಗಳಿಂದಲೇ ಅಳಿಸಿಹೋಗುತ್ತವೆ. ನಗರದ ಚಿತ್ರದಲ್ಲಿ ಹಿನ್ನೆಲೆಯನ್ನು ಬಹಳ ಎಳೆಯಬೇಕಾಗುವುದರಿಂದ (ಅಂದರೆ ಮಸುಕು ಭಾಗಗಳು ಕಾಣುವಂತೆ ಬೆಳಗಿಸಬೇಕಾಗುವುದರಿಂದ) ಫ್ಲಾಟ್ ಇಲ್ಲದಿದ್ದರೆ ಪ್ರತಿ ಕಲೆಯೂ ಎದ್ದು ನಿಲ್ಲುತ್ತದೆ.

ಕಂಪ್ಯೂಟರಿನ ಮುಂದೆ

ಸಿರಿಲ್ ಎಂಬ ಉಚಿತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಂದು ಫೋಲ್ಡರಿನೊಳಗೆ ಲೈಟ್ಸ್, ಡಾರ್ಕ್ಸ್, ಫ್ಲಾಟ್ಸ್, ಬಯಾಸಸ್ ಎಂಬ ಇಂಗ್ಲಿಷ್ ಹೆಸರಿನ ನಾಲ್ಕು ಫೋಲ್ಡರ್ ಮಾಡಿ ಚಿತ್ರಗಳನ್ನು ಹಂಚಿ (ಲೈಟ್ಸ್ ಎಂದರೆ ನೀಹಾರಿಕೆಯ ಚಿತ್ರಗಳು), ಬಣ್ಣದ ಕ್ಯಾಮೆರಾಕ್ಕೆಂದು ಕೊಟ್ಟಿರುವ ಸಿದ್ಧ ಸ್ಕ್ರಿಪ್ಟ್ ಓಡಿಸಿ. ಡಿಸ್ಕಿನಲ್ಲಿ ಜಾಗ ಧಾರಾಳವಾಗಿರಲಿ. 24 ಮೆಗಾಪಿಕ್ಸೆಲ್‌ನ ನೂರು ಚಿತ್ರಗಳಿಗೆ ಕೆಲಸದ ನಡುವೆ 100 ಜಿಬಿವರೆಗೂ ಬೇಕಾಗಬಹುದು.

ಹೊರಬಂದ ಚಿತ್ರ ಮೊದಲ ನೋಟಕ್ಕೆ ಕಡುಗಪ್ಪಾಗಿರುತ್ತದೆ, ಅಲ್ಲೊಂದು ಇಲ್ಲೊಂದು ಚುಕ್ಕಿ. ಹೆದರಬೇಡಿ. ಕೆಳಗಿನ ಪಟ್ಟಿಯಲ್ಲಿ ನೋಟವನ್ನು ಆಟೋಸ್ಟ್ರೆಚ್‌ಗೆ ಬದಲಿಸಿ. ಕಪ್ಪಿನೊಳಗಿಂದ ನೀಹಾರಿಕೆಯ ರೆಕ್ಕೆಗಳು ಒಮ್ಮೆಲೇ ಹರಡಿಕೊಂಡು ನಿಲ್ಲುತ್ತವೆ, ಜೊತೆಗೆ ನಗರದ ಬೆಳಕು ಬಳಿದ ಕಿತ್ತಳೆಯೋ ಹಸಿರೋ ಬಣ್ಣದ ಇಳಿಜಾರೂ ಕಾಣುತ್ತದೆ. ಇದು ಬರೀ ನೋಟ, ಚಿತ್ರ ಇನ್ನೂ ಬದಲಾಗಿಲ್ಲ.

ಮುಂದಿನ ಕ್ರಮ ತಪ್ಪಬಾರದು. ಅಂಚುಗಳನ್ನು ಕತ್ತರಿಸಿ. ಹಿನ್ನೆಲೆಯ ಇಳಿಜಾರನ್ನು ಸಿರಿಲ್‌ನಲ್ಲೇ ಅಥವಾ ಗ್ರಾಎಕ್ಸ್‌ಪರ್ಟ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ತೆಗೆಯಿರಿ. ಮಾದರಿ ಬಿಂದುಗಳು ನೀಹಾರಿಕೆಯ ಮೇಲೆ ಬೀಳದಿರಲಿ, ಬಿದ್ದರೆ ನೀಹಾರಿಕೆಯೂ ಅಳಿಸುತ್ತದೆ. ಬಳಿಕ ಪ್ಲೇಟ್ ಸಾಲ್ವ್ ಮಾಡಿ (ಚಿತ್ರದಲ್ಲಿರುವುದು ಆಕಾಶದ ಯಾವ ಭಾಗ ಎಂದು ತಂತ್ರಾಂಶ ನಕ್ಷತ್ರಗಳಿಂದ ಗುರುತಿಸುತ್ತದೆ), ನಕ್ಷತ್ರಗಳ ನಿಜಬಣ್ಣವನ್ನು ಆಧರಿಸಿದ ಬಣ್ಣ ಹೊಂದಾಣಿಕೆ ಮಾಡಿ. ಇಷ್ಟಾದ ಮೇಲಷ್ಟೇ ಹಿಸ್ಟೋಗ್ರಾಂ ಎಳೆಯುವುದು. ಒಂದೇ ಏಟಿಗೆ ಎಳೆಯದೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಎಳೆಯಿರಿ.

ಚಿಕ್ಕ ಎಕ್ಸ್‌ಪೋಷರ್‌ಗಳನ್ನು ಪ್ರತ್ಯೇಕವಾಗಿ ಸ್ಟ್ಯಾಕ್ ಮಾಡಿ, ದೊಡ್ಡದರ ಮೇಲೆ ಕೂರುವಂತೆ ಸಿರಿಲ್‌ನಲ್ಲೇ ಹೊಂದಿಸಿ. ಎರಡನ್ನೂ ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಪದರಗಳಾಗಿ ತೆರೆದು, ಮೇಲಿನ ಪದರಕ್ಕೆ ಮುಸುಕು ಹಾಕಿ, ಮೃದುವಾದ ಕುಂಚದಿಂದ ಹೃದಯಭಾಗವನ್ನು ಮಾತ್ರ ತೆರೆಯಿರಿ. ಟ್ರೆಪೀಜಿಯಂನ ನಕ್ಷತ್ರಗಳು ಬಿಳಿ ಮುದ್ದೆಯೊಳಗಿಂದ ಬಿಡಿಬಿಡಿಯಾಗಿ ಎದ್ದು ಬರುತ್ತವೆ.

ನನ್ನ ಕಳಕಳಿಯ ಮಾತು: ಹಿನ್ನೆಲೆಯನ್ನು ಕಡುಗಪ್ಪು ಮಾಡಬೇಡಿ, ಕೆಂಪನ್ನು ಕೂಗುವಷ್ಟು ಏರಿಸಬೇಡಿ. ಮಸುಕಾದ ಹೊರಪದರಗಳೇ ಈ ಚಿತ್ರದ ಜೀವ. ಅವನ್ನು ಪಡೆಯಲೆಂದೇ ಗಂಟೆಗಟ್ಟಲೆ ಬೆಳಕು ಕೂಡಿಸಿ, ಕೊನೆಗೆ ಒಂದು ಸ್ಲೈಡರಿನಿಂದ ಅಳಿಸಿಹಾಕುವುದು ಅನ್ಯಾಯ.

ಫಿಲ್ಟರ್ ಮತ್ತು ಕ್ಯಾಮೆರಾ ಮಾರ್ಪಾಡು

ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮುಂದಿನ ಗಾಜು ಹೈಡ್ರೋಜನ್ನಿನ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಎಂ 42ಕ್ಕೆ ಅದು ದೊಡ್ಡ ಕೊರತೆಯಲ್ಲ, ರೊಸೆಟ್ ಅಥವಾ ಕುದುರೆತಲೆ ನೀಹಾರಿಕೆಗೆ ಖಂಡಿತ ಕೊರತೆ. ಆ ಗಾಜನ್ನು ತೆಗೆಸಿದ ಹಳೆಯ ಡಿಎಸ್‌ಎಲ್‌ಆರ್ ಈ ಕೆಲಸಕ್ಕೆ ಹೊಸ ದುಬಾರಿ ಕ್ಯಾಮೆರಾಕ್ಕಿಂತ ಒಳ್ಳೆಯದು. ಅದರ ಜೊತೆಗೆ ಆಪ್ಟೊಲಾಂಗ್ ಎಲ್-ಎಕ್ಸ್‌ಟ್ರೀಮ್‌ನಂಥ ಎರಡು ಕಿಂಡಿಯ ಫಿಲ್ಟರ್ ಸೇರಿದರೆ ಹೈಡ್ರೋಜನ್ ಮತ್ತು ಆಮ್ಲಜನಕದ ಗೆರೆಗಳ ಸುತ್ತ 7 ನ್ಯಾನೋಮೀಟರ್ ಮಾತ್ರ ಒಳಬರುತ್ತದೆ, ನಗರದ ಬೆಳಕಿನ ಹೆಚ್ಚಿನ ಪಾಲು ಹೊರಗೇ ನಿಲ್ಲುತ್ತದೆ. ಹಳದಿ ಸೋಡಿಯಂ ದೀಪಗಳ ಕಾಲದ ಅಗಲ ಕಿಂಡಿಯ ಫಿಲ್ಟರುಗಳಿಗೆ ಈಗ ಹಣ ಹಾಕಬೇಡಿ. ಬೀದಿಗಳಿಗೆ ಬಂದಿರುವ ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಹರಡುತ್ತದೆ, ಅವು ಅದನ್ನು ತಡೆಯಲಾರವು.

ಎಂ 42ರ ನಂತರ

ಜನವರಿ, ಫೆಬ್ರುವರಿಯಲ್ಲಿ ರೊಸೆಟ್ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ. ಮಾರ್ಚ್ ನಡುರಾತ್ರಿ, ಏಪ್ರಿಲ್ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ: ಎಂ 42ಕ್ಕಿಂತ ದೊಡ್ಡದೂ ಪ್ರಕಾಶಮಾನವೂ ಆದ ಕರೀನಾ ನೀಹಾರಿಕೆ ಬೆಂಗಳೂರಿನಲ್ಲಿ 17 ಡಿಗ್ರಿ, ಮೈಸೂರಿನಲ್ಲಿ 18, ಬೀದರಿನಲ್ಲಿ 12 ಡಿಗ್ರಿ ಎತ್ತರಕ್ಕೆ ಬರುತ್ತದೆ. ಈಲಿಂಗ್‌ನ ಕಾಮನ್‌ಗೆ ಅದು ದಿಗಂತದ ಕೆಳಗೇ ಉಳಿದಿತ್ತು. ದಕ್ಷಿಣ ದಿಕ್ಕು ತೆರೆದಿರುವ ತಾರಸಿ ನಿಮ್ಮದಾದರೆ ಇದನ್ನು ಬಿಡಲೇಬೇಡಿ.

ಧನು ರಾಶಿಯ ಲಗೂನ್, ಟ್ರಿಫಿಡ್ ಮತ್ತು ಪಕ್ಕದ ಸರ್ಪ ನಕ್ಷತ್ರಪುಂಜದ ಹದ್ದು ನೀಹಾರಿಕೆಗಳು ಸಂಜೆಯ ಹೊತ್ತಿಗೆ ಎತ್ತರಕ್ಕೆ ಬರುವ ತಿಂಗಳುಗಳನ್ನು ನಮ್ಮಲ್ಲಿ ಮುಂಗಾರು ನುಂಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ, ಮೇ ಮಧ್ಯದಲ್ಲಿ ಎರಡೂವರೆಗೆ ಎದ್ದು ತೆಗೆಯುವವರಿಗೆ ಮಾತ್ರ ಅವು ದಕ್ಕುತ್ತವೆ. ಮಳೆ ತೊಳೆದ ಅಕ್ಟೋಬರ್ ಸಂಜೆಗಳು ಉತ್ತರ ಅಮೆರಿಕ ಮತ್ತು ಮುಸುಕು ನೀಹಾರಿಕೆಗಳಿಗೆ, ಎರಡು ಕಿಂಡಿಯ ಫಿಲ್ಟರಿನೊಂದಿಗೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ, ತೇವಾಂಶ 40ರಿಂದ 50 ಶೇಕಡ ಇರುವಂತೆ ಇಡಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ರಾ ಚಿತ್ರಗಳನ್ನು ಅಳಿಸಬೇಡಿ. ಮುಂದಿನ ಚಳಿಗಾಲದ ಎಂ 42 ಚಿತ್ರಗಳನ್ನು ಇವುಗಳ ಜೊತೆಗೇ ಸ್ಟ್ಯಾಕ್ ಮಾಡಬಹುದು, ಎರಡು ಗಂಟೆಯ ಬೆಳಕು ಐದು ಗಂಟೆಯದಾಗುತ್ತದೆ. ಅಲ್ಲಿಯವರೆಗೆ ಮಳೆಗಾಲದ ರಾತ್ರಿಗಳಲ್ಲಿ ಅದೇ ಚಿತ್ರಗಳನ್ನು ಮೊದಲಿನಿಂದ ಮತ್ತೆ ಸಂಸ್ಕರಿಸಿ ನೋಡಿ.